ಬಾಟಲಿ ಹಿಡಿಯುವ ದಿಂಬು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ದಿಂಬನ್ನು ತರಿಸಿದವಳು ನಾನೇ. ರಾತ್ರಿ ಎರಡೂವರೆ ಗಂಟೆ. ತೊಡೆಯ ಮೇಲೆ ನಾಲ್ಕು ತಿಂಗಳ ಮಗಳು, ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದು ಕೈಯಲ್ಲಿ ಮೊಬೈಲು. ಬೆಳಗಾಗುವುದರೊಳಗೆ ಗೈಡ್‌ಗೆ ಕಳಿಸಬೇಕಾದ ಅಧ್ಯಾಯ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತಿತ್ತು. ಆಗ ಮೊಬೈಲಿನ ಪರದೆಯ ಮೇಲೆ ಅದು ಕಾಣಿಸಿತು. ಮೆತ್ತನೆಯ ಬಟ್ಟೆಯ ಸಣ್ಣ ದಿಂಬು, ಮೇಲೆ ಆನೆಮರಿಯ ಚಿತ್ರ, ನಡುವೆ ಒಂದು ಎಲಾಸ್ಟಿಕ್ ಕುಣಿಕೆ. ಕುಣಿಕೆಯೊಳಗೆ ಬಾಟಲಿ ತೂರಿಸಿ ದಿಂಬನ್ನು ಮಲಗಿದ ಮಗುವಿನ ಎದೆಯ ಹತ್ತಿರ ಇಟ್ಟರೆ ನಿಪ್ಪಲ್ಲು ನೇರ ಬಾಯಿಗೆ ಬರುತ್ತದೆ. ಅಮ್ಮನ ಎರಡೂ ಕೈ ಬಿಡುವು. ಬೆಲೆಯೂ ಕೆಲವೇ ನೂರು ರೂಪಾಯಿ.

ಕೊರಿಯರ್‌ನವರು ನಮ್ಮ ಊರಿನ ತನಕ ಬರುವುದಿಲ್ಲ. ಸೊಸೈಟಿಗೆಂದು ಶಿರಸಿ ಪೇಟೆಗೆ ಹೋದ ಅಪ್ಪಯ್ಯ ಅದನ್ನು ಅಡಿಕೆ ಚೀಟಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಬಂದರು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ನಾನು ಮೇಜಿನ ಹತ್ತಿರ, ಮಗಳು ಐದು ಹೆಜ್ಜೆ ದೂರದ ಹಾಸಿಗೆಯ ಮೇಲೆ. ಸದ್ದೇನೂ ಇರಲಿಲ್ಲ; ಸದ್ದಿಲ್ಲದ್ದೇ ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತ್ತು. ಜಗುಲಿಯಿಂದ ಎದ್ದು ಬಂದ ಅಮ್ಮಮ್ಮ ಬಾಟಲಿ ಕಿತ್ತೆಸೆದು ಮಗುವನ್ನು ಮಗುಚಿ ಬೆನ್ನು ತಟ್ಟಿದಾಗಲೇ ನಾನು ತಿರುಗಿ ನೋಡಿದ್ದು. ಮುಖ ಕೆಂಪಡರಿ ಕಪ್ಪಿಗೆ ತಿರುಗುತ್ತಿತ್ತು. ಹಾಲು ಮೂಗಿನಲ್ಲಿ ಬಂದು, ಕೆಮ್ಮು ಬಂದು, ಕೊನೆಗೆ ಅಳು ಬಂತು. ಆ ಅಳುವಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಅಮ್ಮಮ್ಮ ಬೈಯಲಿಲ್ಲ. ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿ, "ಶಿಶು ಹೊಟ್ಟೆ ತುಂಬಿದ್ದು ಈ ದಿಂಬಿಗೆ ಗೊತ್ತಾಗ್ತಾ?" ಎಂದು ಕೇಳಿದಳು.

ಇಡೀ ಶಿಶುವೈದ್ಯ ಶಾಸ್ತ್ರ ಹೇಳುವುದೂ ಇದನ್ನೇ. ಹಸುಗೂಸು ಒಂದೇ ಸಮನೆ ಕುಡಿಯುವುದಿಲ್ಲ. ನಾಲ್ಕು ಗುಟುಕು ಚೀಪಿ, ನಿಂತು, ಉಸಿರು ತೆಗೆದುಕೊಂಡು ಮತ್ತೆ ಚೀಪುತ್ತದೆ. ಸಾಕಾದರೆ ಮುಖ ತಿರುಗಿಸುತ್ತದೆ. ಬಾಟಲಿ ಹಿಡಿದ ಕೈ ಇದನ್ನು ನೋಡಿ ವಾಲಿಸುತ್ತದೆ, ತೆಗೆಯುತ್ತದೆ, ಕಾಯುತ್ತದೆ. ದಿಂಬು ಕಾಯುವುದಿಲ್ಲ. ಕತ್ತೇ ನಿಲ್ಲದ, ಬಾಟಲಿಯನ್ನು ದೂಡಲಾರದ ಮಗುವಿನ ಬಾಯಿಗೆ ಅದು ಹಾಲು ಸುರಿಯುತ್ತಲೇ ಇರುತ್ತದೆ. ನುಂಗಲಾಗದ ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಪೂರ್ತಿ ಕಟ್ಟಿಕೊಂಡರೆ ಉಸಿರೇ ಇಲ್ಲ. ಮಕ್ಕಳಲ್ಲಿ ಗಂಟಲಿನಿಂದ ಕಿವಿಗೆ ಹೋಗುವ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ಅಂಗಾತ ಮಲಗಿ ಕುಡಿದ ಹಾಲು ಅಲ್ಲಿಗೂ ಹೋಗಿ ಕಿವಿ ಸೋರುತ್ತದೆ. ಹಲ್ಲು ಬಂದ ಮೇಲೆ ಬಾಯಲ್ಲೇ ನಿಂತ ಹಾಲು ಹಲ್ಲನ್ನು ಹುಳುಕಾಗಿಸುತ್ತದೆ.

ಬ್ರಿಟನ್ನಿನ ಉತ್ಪನ್ನ ಸುರಕ್ಷತಾ ಕಚೇರಿ 2022ರ ಡಿಸೆಂಬರ್ 1ರಂದು ಇಂಥ ದಿಂಬುಗಳ ಬಗ್ಗೆ ತುರ್ತು ಎಚ್ಚರಿಕೆ ಹೊರಡಿಸಿತು. ಕೂಡಲೇ ಬಳಸುವುದು ನಿಲ್ಲಿಸಿ, ಎಸೆಯಿರಿ ಎಂದು ಪೋಷಕರಿಗೆ; ಮಾರುಕಟ್ಟೆಯಿಂದ ತೆಗೆಯಿರಿ ಎಂದು ವ್ಯಾಪಾರಿಗಳಿಗೆ. ಹೊಲಿಗೆ ಸರಿಮಾಡಿ ಎಂದು ಅದು ಹೇಳಲಿಲ್ಲ. ಆ ವಸ್ತುವಿನ ಕಲ್ಪನೆಯಲ್ಲೇ ಅಪಾಯವಿದೆ ಎಂಬುದು ಅದರ ತೀರ್ಮಾನ. ಅಲ್ಲಿ ಎಸೆಯಬೇಕಾದದ್ದು ಇಲ್ಲಿ ನನ್ನ ಮೊಬೈಲಿನಲ್ಲಿ ಆನೆಮರಿಯ ಚಿತ್ರ ಹೊತ್ತು ಬಂದಿತ್ತು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ, ಒಳ್ಳೆಯದೇ ಇದೆ. ಹಾಲಿನ ಪುಡಿ ಕಂಪನಿಗಳ ಜಾಹೀರಾತಿನ ವಿರುದ್ಧ ಜಗತ್ತಿನಾದ್ಯಂತ ನಡೆದ ಹೋರಾಟದ ಫಲವಾಗಿ 1981ರಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಸಂಹಿತೆಯನ್ನು ಒಪ್ಪಿತು. ಅದನ್ನು ಅನುಸರಿಸಿ ಭಾರತ 1992ರಲ್ಲಿ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆ ತಂದು, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇದರ ಪ್ರಕಾರ ಹಾಲೂಡಿಸುವ ಬಾಟಲಿಗೆ ಜಾಹೀರಾತು ಕೊಡುವುದೇ ಅಪರಾಧ. ಆದರೆ ಕಾಯ್ದೆಯಲ್ಲಿ 'ಹಾಲೂಡಿಸುವ ಬಾಟಲಿ' ಅಂದರೆ ಬಾಟಲಿ ಅಥವಾ ಪಾತ್ರೆ, ಅದರ ನಿಪ್ಪಲ್ಲು, ಅದರ ವಾಲ್ವು. ಬಾಟಲಿಯನ್ನು ಹಿಡಿದು ನಿಲ್ಲಿಸುವ ಬಟ್ಟೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಬಾಟಲಿಯನ್ನು ಹೊಗಳಬಾರದು, ಬಾಟಲಿಯ ದಿಂಬನ್ನು ಹೊಗಳಬಹುದು! ಎರಡರಲ್ಲಿ ಹೆಚ್ಚು ಅಪಾಯದ್ದು ಯಾವುದು ಎಂದು ಸಂಸತ್ತಿನಲ್ಲಿ ಯಾರಾದರೂ ಒಬ್ಬ ಅಜ್ಜಿಯನ್ನು ಕೇಳಬೇಕಿತ್ತು.

ಇಷ್ಟನ್ನು ಓದಿ ಕೆಲವರಿಗೆ ಖುಷಿಯಾಗಿರುತ್ತದೆ. "ನೋಡಿ, ನಾವು ಮೊದಲೇ ಹೇಳಿದ್ದೆವು. ಈಗಿನ ಹುಡುಗಿಯರಿಗೆ ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಪುರಸೊತ್ತಿಲ್ಲ. ಹಿಂದೆ ಹತ್ತು ಹೆತ್ತವರೂ ಇಂಥ ದಿಂಬು ಕೇಳಿರಲಿಲ್ಲ." ನನ್ನ ಜಗಳ ನಿಜವಾಗಿ ಶುರುವಾಗುವುದು ಇವರ ಜೊತೆ. ದಿಂಬು ಮಾರುವವನು ನನ್ನ ಆಯಾಸವನ್ನಾದರೂ ನೋಡಿದ್ದಾನೆ. ಇವರು ಅದನ್ನೂ ನೋಡಿಲ್ಲ.

ನನ್ನ ಸಂಶೋಧನೆಯ ವಿಷಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜೋಗುಳಗಳು. (ನಗಬೇಡಿ. ಜೋಗುಳದ ಬಗ್ಗೆ ಬರೆಯಲು ಮಗುವಿನ ಬಾಯಿಗೆ ದಿಂಬು ಕಟ್ಟಿದವಳು ನಾನು ಎಂದು ನನಗೂ ಗೊತ್ತು.) ಮಗಳು ಹುಟ್ಟುವ ಮೊದಲು ಎರಡು ವರ್ಷ ಈ ಮೂರು ತಾಲೂಕುಗಳಲ್ಲಿ ಓಡಾಡಿ ಹಾಡುಗಳನ್ನು ಮುದ್ರಿಸಿಕೊಂಡಿದ್ದೇನೆ. ಸಾಹಿತ್ಯವನ್ನು ಬರೆದುಕೊಳ್ಳುವಾಗ ಹಿನ್ನೆಲೆಯ ಸದ್ದನ್ನು ಕಿರಿಕಿರಿ ಎಂದುಕೊಂಡಿದ್ದೆ. ಬಾಣಂತನದಲ್ಲಿ ಮತ್ತೆ ಕೇಳಿದಾಗ ಆ ಸದ್ದೇ ಮುಖ್ಯವಾಗಿ ಕೇಳಿಸಿತು. ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುವ ಸದ್ದು. ಒಬ್ಬರೂ ಸುಮ್ಮನೆ ಕೂತು ಹಾಡಿರಲಿಲ್ಲ. ಕೈ ಬಿಡುವಿಲ್ಲದ್ದರಿಂದಲೇ ಬಾಯಲ್ಲಿ ತೂಗುತ್ತಿದ್ದರು.

ಹಿಂದಿನವರೂ ಉಪಾಯ ಮಾಡಿದ್ದರು. ಕೊನೆಕೊಯ್ಲಿನ ಕಾಲದಲ್ಲಿ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ರಾತ್ರಿ ಹನ್ನೆರಡರ ತನಕ ಅಡಿಕೆ ಸುಲಿದದ್ದನ್ನು ಅಮ್ಮಮ್ಮನೇ ಹೇಳಿದ್ದಾಳೆ. ತೋಟದ ಕೆಲಸಕ್ಕೆ ಬಂದವರು ಹಳೇ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಿದ್ದರು. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೂಸುಗಳಿಗೆಂದೇ ಸಣ್ಣ ಕವುದಿ ಮಾಡುತ್ತಾರೆ. ಹಾಗಾಗಿ ಬಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ, ಉಪಾಯದ ಮೇಲೂ ಇಲ್ಲ. ಬಾಟಲಿಯ ಮೇಲೂ ಇಲ್ಲ. ಹಾಲು ಬಾರದವರು, ಕಾಯಿಲೆಯವರು, ಕೆಲಸಕ್ಕೆ ಹೋಗಲೇಬೇಕಾದವರು ಇದ್ದಾರೆ. ಆದರೆ ಹೆಬ್ಬೆರಳಿಗೆ ಕಟ್ಟಿದ ಹಗ್ಗಕ್ಕೂ ಈ ದಿಂಬಿಗೂ ಒಂದು ವ್ಯತ್ಯಾಸವಿದೆ. ಮಗು ಮಿಸುಕಿದರೆ ಹಗ್ಗ ತಾಯಿಯ ಕಾಲನ್ನು ಎಳೆಯುತ್ತದೆ. ದಿಂಬು ತಾಯಿಯನ್ನು ಕರೆಯುವುದಿಲ್ಲ. ಕರೆಯದಿರುವುದೇ ಅದರ ಮಾರಾಟದ ಗುಣ.

ಇನ್ನು ಹಿಂದಿನ ಕಾಲದ ತುಂಬಿದ ಮನೆಯ ಮಾತು. ಅಲ್ಲಿ ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದವಂತೆ. ಯಾರ ಕೈಗಳು? ನಮ್ಮ ಮನೆಯದ್ದನ್ನೇ ಹೇಳುತ್ತೇನೆ. ಒಂದು, ಚಿಕ್ಕ ವಯಸ್ಸಿಗೇ ಗಂಡ ಸತ್ತು, ತಲೆ ಬೋಳಿಸಿಕೊಂಡು ತವರಿನ ಅಡುಗೆಮನೆಯಲ್ಲಿ ಜೀವ ತೇಯ್ದ ದೊಡ್ಡತ್ತೆಯ ಕೈ. ಇನ್ನೊಂದು, ತಮ್ಮಂದಿರನ್ನು ನೋಡಿಕೊಳ್ಳಲು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಮ್ಮಮ್ಮನದೇ ಕೈ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಜೋಲಿಯ ಪಕ್ಕದಲ್ಲಂತೂ ಏಳೆಂಟು ವರ್ಷದ ಒಬ್ಬ ಹುಡುಗಿ ಇದ್ದೇ ಇರುತ್ತಿದ್ದಳು. ಆ ಹತ್ತು ಕೈಗಳಲ್ಲಿ ಗಂಡಸರದ್ದು ಒಂದೂ ಇರಲಿಲ್ಲ. ಈ ವ್ಯವಸ್ಥೆ ಮತ್ತೆ ಬೇಕು ಅನ್ನುವವರು, ಈ ಬಾರಿ ಯಾರ ಶಾಲೆ ಬಿಡಿಸುತ್ತೀರಿ ಎಂದು ಮೊದಲು ಹೇಳಲಿ.

ಸಾಹಿತ್ಯದವರಾದ ನಮಗೂ ಇದರಲ್ಲಿ ಪಾಲಿದೆ. ತಾಯಿಯ ಹಾಲಿನ ಬಗ್ಗೆ ನಾವು ಬರೆದಷ್ಟು ಯಾರು ಬರೆದಾರು? ಪುಣ್ಯಕೋಟಿಯ ಕಥೆಯನ್ನು ಶಾಲೆಯಲ್ಲಿ ಹಾಡಿ ಅತ್ತವರು ನಾವು. ಸತ್ಯಕ್ಕೆ ಸಂದ ಜಯ ಎಂದೇ ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದೇ ಗೋವಿನ ಹಾಡನ್ನು ಹಾಲೂಡಿಸುವವಳ ಕಣ್ಣಿನಿಂದ ಓದಿ ನೋಡಿ. ಹಸು ಹುಲಿಯ ಹತ್ತಿರ ಕೇಳುವುದು ರಜೆಯನ್ನು. ಮಗುವಿಗೆ ಹಾಲು ಕೊಟ್ಟು ಬರುವಷ್ಟು ಹೊತ್ತಿನ ರಜೆ. ಹಟ್ಟಿಗೆ ಬಂದು ಹಾಲು ಕೊಟ್ಟ ಮೇಲೆ ಅವಳು ಮಾಡುವ ಕೆಲಸ, ಉಳಿದ ಹಸುಗಳ ಹತ್ತಿರ ಹೋಗಿ ಕರುವನ್ನು ನೋಡಿಕೊಳ್ಳಿ ಎಂದು ಬೇಡುವುದು. ಕರುವಿಗೆ ತಾಯಿಯ ಆಚೆಗೂ ಕೈ ಬೇಕು, ಅದನ್ನು ಕೇಳುವುದು ನಾಚಿಕೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾವು ಹುಲಿಯ ಪಶ್ಚಾತ್ತಾಪವನ್ನು ನೆನಪಿಟ್ಟುಕೊಂಡು ಹಟ್ಟಿಯ ಹಸುಗಳನ್ನು ಮರೆತೆವು.

ಈಗ ರಜೆಯ ಲೆಕ್ಕ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. 1961ರ ಮೂಲ ಕಾಯ್ದೆಯಲ್ಲೇ, ಮಗುವಿಗೆ 15 ತಿಂಗಳಾಗುವ ತನಕ ಕೆಲಸದ ನಡುವೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದಿತ್ತು. 50 ಮತ್ತು ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು. ಚೆನ್ನಾಗಿದೆ. ಆದರೆ ಸಿದ್ದಾಪುರದಲ್ಲಿ ಲೆಕ್ಕದ ಮೇಲೆ ಅಡಿಕೆ ಸುಲಿಯುವ ಹೆಂಗಸು ಯಾವ ಕಚೇರಿಯಲ್ಲಿ ರಜೆಯ ಅರ್ಜಿ ಕೊಡಬೇಕು? ಸುಲಿದಷ್ಟಕ್ಕೇ ಕೂಲಿ, ಹಾಲೂಡಿಸಿದ ಹೊತ್ತಿಗೆ ಇಲ್ಲ. 2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂಬ ನಿಯಮವಿತ್ತು. ಮಗು ನೋಡಿಕೊಳ್ಳುವುದೂ ಕೆಲಸ, ಅದಕ್ಕೂ ಕೂಲಿ ಸಲ್ಲಬೇಕು ಎಂದು ಒಪ್ಪಿದ ಸಾಲು ಅದು. ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ' ಇದೇ ದಾರಿಯದು, 4,000 ಗ್ರಾಮ ಪಂಚಾಯಿತಿಗಳಿಗೆಂದು. ಅದು ಖಾತ್ರಿ ಕೆಲಸದವರನ್ನು ದಾಟಿ ತೋಟದ ಕೂಲಿಯವರ ಮಕ್ಕಳಿಗೂ, ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯ ಹೊತ್ತಿಗೂ ಬಾಗಿಲು ತೆರೆದಿರಬೇಕು. ನಮ್ಮ ಸೀಮೆಯ ಕೆಲಸ ಸಂಜೆ ಐದಕ್ಕೆ ಮುಗಿಯುವುದಿಲ್ಲ.

ನನ್ನ ಜಾತಿಯವರು, ಅಂದರೆ ಸಂಶೋಧಕರು, ಇನ್ನೊಂದು ಬಗೆ. ಪಿಎಚ್‌ಡಿ ಅವಧಿಯಲ್ಲಿ ಒಮ್ಮೆ 240 ದಿನಗಳ ತನಕ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡಬಹುದು ಎಂದು ಯುಜಿಸಿ 2016ರಲ್ಲೇ ಹೇಳಿದೆ. ನಾನು ಅರ್ಜಿ ಕೊಟ್ಟಾಗ ಕಚೇರಿಯವರು ನಿಯಮವನ್ನು ತೋರಿಸಿ ಎಂದರು. ತೋರಿಸಿದೆ. ಪ್ರಗತಿ ವರದಿ ನಿಂತರೆ ಫೆಲೋಶಿಪ್ ನಿಲ್ಲಬಹುದು, ಯೋಚನೆ ಮಾಡಿ ಎಂದರು. ಯೋಚನೆ ಮಾಡಿದೆ. ಆ ಯೋಚನೆಯ ಹೆಸರೇ ರಾತ್ರಿ ಎರಡೂವರೆಯ ದಿಂಬು. ಅದೇ ವಿಭಾಗದಲ್ಲಿ ಪ್ರತಿ ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹದ ಉಪನ್ಯಾಸ ನಡೆಯುತ್ತದೆ. ಮಗು ಎತ್ತಿಕೊಂಡು ಬಂದವಳಿಗೆ ಕೂರಲು ಒಂದು ಕೋಣೆ ಇಲ್ಲ.

ಶ್ವಾಸಕೋಶಕ್ಕೆ ಹಾಲು ಹೋದ ಮಗುವಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಅದಕ್ಕೂ ಮೊದಲು ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಬೇಕು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ದಾರಿಯಲ್ಲೇ ಜೀವ ಕಳೆದುಕೊಂಡವರ ನೆನಪು ಈ ಜಿಲ್ಲೆಯಲ್ಲಿ ಯಾರಿಗಿಲ್ಲ? ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದವರು ವರ್ಷಗಳಿಂದ ಕೂಗುತ್ತಿರುವುದು ಸುಮ್ಮನಲ್ಲ. ಪೇಟೆಯಲ್ಲಿ ಅಪಾಯವಾದದ್ದು ಇಲ್ಲಿ ಸಾವು.

ಆದ್ದರಿಂದ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇನೆ. 1992ರ ಕಾಯ್ದೆಯ ವ್ಯಾಖ್ಯೆಯೊಳಗೆ ಬಾಟಲಿ ನಿಲ್ಲಿಸುವ ದಿಂಬು, ಪಟ್ಟಿ, ಹೋಲ್ಡರುಗಳೆಲ್ಲ ಬರಬೇಕು. ಅವುಗಳ ಮಾರಾಟವೇ ನಿಲ್ಲಬೇಕು. ಆದರೆ ದಿಂಬನ್ನು ಕಿತ್ತುಕೊಂಡು ತಾಯಿಯ ಕೈಯನ್ನು ಖಾಲಿ ಬಿಡಬೇಡಿ. ಕೂಸಿನ ಮನೆ ಕೊಡಿ, ರಜೆಯನ್ನು ಉಪಕಾರದಂತೆ ಕೊಡುವುದು ಬಿಡಿ, ವಿಶ್ವವಿದ್ಯಾಲಯಕ್ಕೊಂದು ಕೋಣೆ ಕೊಡಿ. ಮನೆಯ ಗಂಡಸರೇ, ಬಾಟಲಿ ಹಿಡಿಯಲು ಹಾಲಿರುವ ಎದೆ ಬೇಕಾಗಿಲ್ಲ. ಮಗುವಿನ ತಲೆ ಎತ್ತರದಲ್ಲಿರಬೇಕು, ಬಾಟಲಿ ಸ್ವಲ್ಪವೇ ವಾಲಿರಬೇಕು, ನಿಮ್ಮ ಕಣ್ಣು ಮಗುವಿನ ಮುಖದ ಮೇಲಿರಬೇಕು. ಅಷ್ಟೇ ವಿದ್ಯೆ. ತಬ್ಬಲಿ ಕರುವಿಗೆ ಬೆರಳು ಚೀಪಿಸಿ ಹಾಲು ಕುಡಿಸಲು ಗೊತ್ತಿರುವ ಅಪ್ಪಯ್ಯ ಇದನ್ನು ಎರಡೇ ದಿನದಲ್ಲಿ ಕಲಿತರು. ಅರವತ್ತನಾಲ್ಕರ ವಯಸ್ಸಿನಲ್ಲಿ, ಮೊದಲ ಸಲ. ನನಗೂ ತಮ್ಮನಿಗೂ ಅವರು ಯಾವತ್ತೂ ಹಾಲು ಕುಡಿಸಿರಲಿಲ್ಲವಂತೆ. ಯಾಕೆ ಎಂದು ಕೇಳಿದರೆ, "ಯಾರೂ ಕೊಟ್ಟಿರಲಿಲ್ಲ" ಎಂದರು. ಕೇಳಿರಲೂ ಇಲ್ಲ ಎಂದು ಆಯಿ ಒಳಗಿನಿಂದಲೇ ಸೇರಿಸಿದಳು.

ಅಮ್ಮಮ್ಮ ಅಟ್ಟದಿಂದ ಬೆಳ್ಳಿಯ ಒಳಲೆ ತೆಗೆಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದಾಳೆ. ಒಳಲೆಯಲ್ಲಿ ಕುಡಿಸಲು ಕೈ ಇರಲೇಬೇಕು. ಅದು ಗೋಡೆಗೆ ಒರಗಿ ನಿಲ್ಲುವುದಿಲ್ಲ. ದಿಂಬಿನ ಕುಣಿಕೆಯನ್ನು ನಾನೇ ಕತ್ತರಿಸಿ ಬಿಸಾಡಿದೆ.

ನನ್ನ ಮೂರನೆಯ ಅಧ್ಯಾಯ ಇನ್ನೂ ಮುಗಿದಿಲ್ಲ. ಮುಂದಿನ ತಿಂಗಳು ವಿಚಾರ ಸಂಕಿರಣಕ್ಕೆ ಮಗಳನ್ನು ಎತ್ತಿಕೊಂಡೇ ಬರುತ್ತಿದ್ದೇನೆ. ಜೋಗುಳದ ಬಗ್ಗೆ ನಾನು ಇಪ್ಪತ್ತು ನಿಮಿಷ ಮಾತಾಡುತ್ತೇನೆ. ಆ ಇಪ್ಪತ್ತು ನಿಮಿಷ ಅವಳನ್ನು ಯಾರು ಎತ್ತಿಕೊಳ್ಳುತ್ತೀರಿ? ಹೆಸರು ಈಗಲೇ ಬರೆಸಿ.