ಬೋರ್ಡಿಗಷ್ಟೇ ಕನ್ನಡ, ಸಹಿಗೆ ಇಂಗ್ಲಿಷಾ?

ಕನ್ನಡಿಗರೇ, ಎಚ್ಚರ! ಜ್ವರ-ಕೆಮ್ಮು ನೋಡುವ ಡಾಕ್ಟರರಿಗೆ ಎರಡು-ಮೂರು ದಿನದ ತರಬೇತಿ ಕೊಟ್ಟು ಬೊಟಾಕ್ಸ್, ಫಿಲ್ಲರ್ ಸೂಜಿ ಕಲಿಸುವ ದಂಧೆ ದೇಶದಲ್ಲಿ ನಡೆದಿದೆ. ತುಟಿ, ಕೆನ್ನೆ ಉಬ್ಬಿಸುವ ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಕೊಳೆಯುತ್ತದೆ, ಕಣ್ಣೇ ಹೋಗಬಹುದು! ಇದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಅಕ್ಕತಂಗಿಯರಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ಇಂಗ್ಲಿಷಿನಲ್ಲೋ? ಮರಾಠಿಯಲ್ಲೋ?

ರೋಗಿಗೆ ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದ್ದು ತಿಳಿಸಿದ್ದೇ? 2024ರ ಕಾನೂನು ಆಸ್ಪತ್ರೆಯ ಬೋರ್ಡಿನಲ್ಲಿ ಶೇ. 60 ಕನ್ನಡ ಕೇಳುತ್ತದೆ. ಒಳಗಿನ ಒಪ್ಪಿಗೆ ಪತ್ರದಲ್ಲಿ ಎಷ್ಟು? ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಲು ಎಷ್ಟು ಖರ್ಚೆಂದು ಪ್ರೆಸ್ಸಿನವನಾದ ನನಗೆ ಗೊತ್ತು. ಕೊರತೆ ಹಣದ್ದಲ್ಲ, ಮನಸ್ಸಿನದು!

ಅಪಾಯವನ್ನು ಕನ್ನಡದಲ್ಲಿ ಹೇಳದವನ ಕೈಗೆ ಮುಖ ಕೊಡಬೇಡಿ, ಸಹಿ ಹಾಕಬೇಡಿ!