ಥಾಯ್ ಸೂಪ್ ನಡಿತೈತಿ, ನಮ್ಮ ಕೈ ರೊಟ್ಟಿ ಯಾಕ ನಡಿಯಂಗಿಲ್ಲ?



"ಈಗ ಜಾತಿ ಎಲ್ಲೈತಿ? ನಾವೆಲ್ಲಾ ಒಂದ ಟೇಬಲ್‌ಗೆ ಕುಂತು ಉಣ್ಣಾಕತ್ತಿಲ್ಲೇನು?"

ಈ ಮಾತನ್ನ ನೀವೂ ನೂರು ಸಲ ಕೇಳಿರ್ತೀರಿ. ಆಫೀಸಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ. ಹೇಳುವವರು ಕೆಟ್ಟವರಲ್ಲ, ಬಹಳ ಸಲ ನಮ್ಮ ದೋಸ್ತರೇ. ಮನಸ್ಸಿನಲ್ಲಿ ವಿಷ ಇಟ್ಟುಕೊಂಡೂ ಹೇಳುವುದಿಲ್ಲ. ಅದಕ್ಕೇ ಈ ಮಾತಿಗೆ ಸಿಟ್ಟು ಮಾಡದೆ, ಸುಮ್ಮನೂ ಕೂರದೆ, ಪೂರಾ ಉತ್ತರ ಕೊಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗಿದೆ, ಓದಿರಿ.

ಹೋದ ಎರಡನೇ ಶನಿವಾರ ನಾವು ನಾಲ್ಕು ಜನ ಆಫೀಸಿನ ಗೆಳೆಯರು ನಿಪ್ಪಾಣಿಗೆ ಹೋಗಿದ್ದೆವು. ಮಧ್ಯಾಹ್ನ ಊಟಕ್ಕೆ ಹೈವೇ ಕಡೆಯ ಒಂದು ಹೊಸ ಹೋಟೆಲ್ ಹೊಕ್ಕೆವು. ಮೆನು ಕಾರ್ಡಿನಲ್ಲಿ ಇಡ್ಲಿಯಿಂದ ಹಿಡಿದು ಚೈನೀಸ್, ಥಾಯ್ ತನಕ ಎಲ್ಲಾ ಇತ್ತು. ಒಬ್ಬ ದೋಸ್ತ ಹುರುಪಿನಿಂದ ಥಾಯ್ ಸೂಪು, ತೆಂಗಿನ ಹಾಲಿನ ಹಸಿರು ಕರಿ, ಅನ್ನ ಹೇಳಿದ. ಸೂಪಿಗೆ ನಾವು ಚಹಾಕ್ಕೆ ಹಾಕುವ ಗವತಿ ಚಹಾದ ಎಲೆಯ ವಾಸನೆ ಇತ್ತು. ಚಲೋ ಇತ್ತು, ಎಲ್ಲರೂ ಉಂಡೆವು. ಅಡುಗೆಯವ ನೇಪಾಳದವ ಅಂತ ವೇಟರ್ ಹೇಳಿದ. ಅವನ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ಕೇಳುವ ವಿಚಾರ ಯಾರ ತಲೆಗೂ ಬರಲಿಲ್ಲ.

ಊಟದ ನಡುವೆಯೇ ಆ ದೋಸ್ತ ಮೇಲಿನ ಮಾತು ಹೇಳಿದ್ದು. ನಾನು ಅಂದೆ, "ಹೌದಪಾ. ಹಂಗಾದ್ರ ಬರೂ ಶನಿವಾರ ನಮ್ಮ ತಮ್ಮನ ಖಾನಾವಳಿಗೆ ಹೋಗೂಣು." ಅವನು "ನೋಡೂಣಪಾ" ಅಂದು ಬಡೀಸೋಪು ಬಾಯಿಗೆ ಹಾಕಿಕೊಂಡ. ಇಬ್ಬರು ಮೊಬೈಲ್ ನೋಡಿದರು.

ನಮ್ಮ ತಮ್ಮ ಅಂದರೆ ಕಾಕಾನ ಮಗ. ಈ ಐದು ತಾಲೂಕಿನ ಒಂದು ಊರಿನಲ್ಲಿ ವರ್ಷದ ಹಿಂದೆ ಸಣ್ಣ ಖಾನಾವಳಿ ಹಾಕಿದ್ದಾನೆ. ನಾಲ್ಕು ಟೇಬಲ್, ಬಾಡಿಗೆ ಜಾಗ. ಅವನ ಹೆಂಡತಿ, ನಮ್ಮ ಕಾಕು ಇಬ್ಬರೂ ರೊಟ್ಟಿ ಬಡಿಯುತ್ತಾರೆ. ಝುಣಕಾ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ. ಮೊದಲ ಎರಡು ತಿಂಗಳು ಗಿರಾಕಿ ಚಲೋ ಬಂದರು. ಆಮೇಲೆ ಇವರು ಯಾವ ಓಣಿಯವರು ಅನ್ನುವುದು ಊರಿಗೆ ಗೊತ್ತಾಯಿತು. ಜಗಳ ಆಗಲಿಲ್ಲ, ಯಾರೂ ಬೈಯಲಿಲ್ಲ. ಬರುವುದನ್ನು ಬಿಟ್ಟರು, ಅಷ್ಟೇ. ಹಿತೈಷಿಗಳು ಬಂದು ಬುದ್ಧಿ ಹೇಳಿದರು: "ಆ ಫೋಟೋ ತಗದು ಲಕ್ಷ್ಮೀದು ಹಚ್ಚು. ಬೋರ್ಡಿನ ಮ್ಯಾಗ ಹೆಸರ ಬದಲಿ ಮಾಡು. ವ್ಯಾಪಾರ ಆಕ್ಕೈತಿ."

ಇನ್ನೊಂದು ಮಾತು ಕೇಳಿರಿ. ಅದೇ ನಮ್ಮ ಕಾಕು ಬಡಿದ ಖಡಕ್ ರೊಟ್ಟಿ ಪಾಕೀಟಿನಲ್ಲಿ ಕಟ್ಟಿ ಬಜಾರದ ಕಿರಾಣಿ ಅಂಗಡಿಗೆ ಕೊಟ್ಟರೆ ಸಂಜೆಯೊಳಗೆ ಖಾಲಿ. ಖಾನಾವಳಿಯಲ್ಲಿ ಅದೇ ಕೈಯಿಂದ ಬಿಸಿಬಿಸಿ ತಾಟಿಗೆ ಹಾಕಿದರೆ ಉಣ್ಣುವವರಿಲ್ಲ. ರೊಟ್ಟಿ ಬದಲಾಗಲಿಲ್ಲ. ಬಡಿದ ಕೈ ಯಾರದು ಅಂತ ಗೊತ್ತಾಗಿದ್ದು ಮಾತ್ರ ಬದಲಾಯಿತು.

ನಾನು ಹೇಳುವುದು ಇಷ್ಟೇ. ಹೋಟೆಲಿನಲ್ಲಿ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಅನ್ನುವುದರಿಂದ ಜಾತಿ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಅಡುಗೆ ಮಾಡಿದವರು ಯಾರು ಅಂತ ಗೊತ್ತಾದ ಮೇಲೂ ನೀವು ಉಣ್ಣುತ್ತೀರಾ ಅನ್ನುವುದರಿಂದ ತಿಳಿಯುತ್ತದೆ. ದೂರ ದೇಶದ ಅಡುಗೆ ನಡೆಯುತ್ತದೆ, ಯಾಕೆಂದರೆ ಅದರ ಓಣಿ ನಿಮಗೆ ಗೊತ್ತಿಲ್ಲ. ನಮ್ಮ ಓಣಿ ಗೊತ್ತು.

ಒಂದೇ ಟೇಬಲ್ ಅಂತೀರಲ್ಲ, ಆ ಟೇಬಲ್ ಪುಕ್ಕಟೆ ಬಂದಿಲ್ಲ. ನಮ್ಮಪ್ಪ ರಾಯಬಾಗ ತಾಲೂಕಿನ ಹಳ್ಳಿಯಲ್ಲಿ ಬೆಳೆದವ. ಊರ ಹೋಟೆಲಿನ ಹೊರಗೆ ಗೋಡೆಯ ಗೂಡಿನಲ್ಲಿ ನಮ್ಮವರಿಗೆ ಬೇರೆ ಕಪ್ಪು ಇರುತ್ತಿತ್ತು. ಅದನ್ನು ತಾನೇ ತೆಗೆದುಕೊಂಡು, ಮೇಲಿನಿಂದ ಹೊಯ್ದ ಚಹಾ ಕುಡಿದು, ತಾನೇ ತೊಳೆದು ಅಲ್ಲೇ ಇಡಬೇಕು. ರೊಕ್ಕ ಮಾತ್ರ ಎಲ್ಲರಷ್ಟೇ ಕೊಡಬೇಕು. ಇದನ್ನು ಅಪರಾಧ ಅಂತ ಬರೆಯಲು ಸಂವಿಧಾನವೇ ಬರಬೇಕಾಯಿತು. ಅಂಗಡಿ, ಹೋಟೆಲುಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ 15ನೇ ವಿಧಿ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆಯ 4ನೇ ಕಲಮಿನಲ್ಲಿ ಹೋಟೆಲಿನ ಪಾತ್ರೆಗಳ ಮಾತೂ ಬಂದಿದೆ. ಒಂದು ಕಪ್ಪು ಚಹಾಕ್ಕೆ ದೇಶ ಕಾಯ್ದೆ ಮಾಡಬೇಕಾಯಿತು ಅಂದರೆ ಆ ಕಪ್ಪಿನಲ್ಲಿ ಎಷ್ಟು ಅಪಮಾನ ಇತ್ತು ಲೆಕ್ಕ ಹಾಕಿರಿ.

ಕಾಯ್ದೆ ಬಂದ ಮೇಲೆ ಎಲ್ಲಾ ಮುಗಿಯಿತಾ? ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿ ನೆನಪಿರಲಿ. ಹೋಟೆಲಿಗೆ, ಕ್ಷೌರದ ಅಂಗಡಿಗೆ ದಲಿತರನ್ನು ಬಿಡದ ತಕರಾರಿನ ಹಿನ್ನೆಲೆಯಲ್ಲಿ 2014ರ ಆಗಸ್ಟ್‌ನಲ್ಲಿ ಆ ಊರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು. ಹೋಟೆಲ್ ಬಾಗಿಲಿನ ತಕರಾರು ಮನೆ ಸುಡುವ ತನಕ ಹೋಗಿದ್ದು ನಮ್ಮಪ್ಪನ ಕಾಲದಲ್ಲಲ್ಲ, ನಮ್ಮ ನಿಮ್ಮ ಕೈಯಲ್ಲಿ ಮೊಬೈಲ್ ಬಂದ ಮೇಲೆ.

ಆದರೂ ಹೋಟೆಲಿನೊಳಗೆ ಕೂರುವ ಹಕ್ಕಿಗೆ ಕಾಯ್ದೆಯ ಬೆಂಬಲ ಇದೆ. ತಡೆದರೆ ಕೇಸು ಹಾಕಬಹುದು. ನಮ್ಮ ತಮ್ಮನ ಖಾನಾವಳಿಗೆ ಬರದವರ ಮೇಲೆ ಯಾವ ಕಲಮಿನಲ್ಲಿ ಕೇಸು ಹಾಕುವುದು? ಯಾವುದೂ ಇಲ್ಲ. ಎಲ್ಲಿ ಉಣ್ಣಬೇಕು ಅನ್ನುವುದು ಅವರವರ ಮರ್ಜಿ. ಜಾತಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅದು ಬಾಗಿಲು ಬಿಟ್ಟು ಅಡುಗೆಮನೆಗೆ ಹೋಗಿ ಕೂತಿದೆ.

ನಮ್ಮ ಕಡೆಯ ಊಟದ ಬೋರ್ಡುಗಳನ್ನು ನೋಡಿರಿ. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ, ಬ್ರಾಹ್ಮಣರ ಹೋಟೆಲ್. ಜಾತಿ ಎಲ್ಲೈತಿ ಅಂತ ಕೇಳುವವರು ಆ ಬೋರ್ಡಿನ ಕೆಳಗೇ ನಿಂತು ಕೇಳುತ್ತಾರೆ. ಅಲ್ಲಿ ಜಾತಿಯ ಹೆಸರು ರುಚಿಗೆ, ಶುಚಿಗೆ ಗ್ಯಾರಂಟಿ. ಅದೇ ಅಳತೆಯ ಬೋರ್ಡಿನಲ್ಲಿ "ಮಾದಿಗರ ಖಾನಾವಳಿ", "ಸಮಗಾರರ ಖಾನಾವಳಿ", "ಹೊಲೆಯರ ಖಾನಾವಳಿ" ಅಂತ ಬರೆಸಿ ಬಜಾರದಲ್ಲಿ ಹಚ್ಚಿದರೆ? ಓದುವಾಗಲೇ ಕೆಲವರಿಗೆ ಮೈ ಜುಮ್ ಅಂದಿರಬೇಕು. ಕೆಲವರ ಜಾತಿ ಊಟಕ್ಕೆ ರುಚಿ ಕೊಡುತ್ತದೆ, ನಮ್ಮ ಜಾತಿ ರುಚಿ ಕೆಡಿಸುತ್ತದೆ ಅಂದರೆ ಅದಕ್ಕೆ ಏನೆಂದು ಹೆಸರಿಡುತ್ತೀರಿ?

"ಅದು ಜಾತಿ ಅಲ್ಲ, ಸಸ್ಯಾಹಾರದ ಪ್ರಶ್ನೆ" ಅಂತ ಒಬ್ಬರಾದರೂ ಬರೆಯುತ್ತಾರೆ, ಗೊತ್ತು. ನಮ್ಮ ತಮ್ಮನ ಖಾನಾವಳಿಯ ಮಧ್ಯಾಹ್ನದ ತಾಟಿನಲ್ಲಿ ಇರುವುದು ಝುಣಕಾ ಮತ್ತು ರೊಟ್ಟಿ. ಹಾಗೆ ಹೇಳುವವರಲ್ಲಿ ಅರ್ಧ ಜನ ರವಿವಾರ ತಾಂಬಡಾ-ಪಾಂಢರಾ ರಸ್ಸಾ ಕುಡಿಯಲು ಕೊಲ್ಹಾಪುರ ತನಕ ಗಾಡಿ ಹೊಡೆಯುತ್ತಾರೆ. ಥಾಯ್ ಅಡುಗೆಗೆ ಮೀನಿನ ರಸ ಹಾಕುವ ವಾಡಿಕೆ ಇದೆ. ನಮ್ಮ ಟೇಬಲ್‌ನಲ್ಲಿ ಯಾರೂ ಅದನ್ನೂ ಕೇಳಲಿಲ್ಲ.

"ಶುಚಿ ಇರಂಗಿಲ್ಲ" ಅನ್ನುವವರಿಗೂ ಒಂದು ಮಾತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಲ್ಲಿ ನಮ್ಮ ಓಣಿಯ ತಾಯಂದಿರೂ ಇದ್ದಾರೆ. ಅವರ ಬೆರಳು ಸುತ್ತಿದ ಬೀಡಿ ನೇರ ನಿಮ್ಮ ತುಟಿಗೆ ಹೋಗುತ್ತದೆ. ಅಲ್ಲಿ ಮೈಲಿಗೆ ಇಲ್ಲವಾ? ಅಥಣಿ, ಮದಭಾವಿ, ನಿಪ್ಪಾಣಿಯ ಸಮಗಾರರು ಹೊಲಿದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು, ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ನಮೂನೆಯ ಚಪ್ಪಲಿ ಮಿಲಾನಿನ ಶೋದಲ್ಲಿ ಮೆರೆಸಿದಾಗ "ನಮ್ಮ ಚಪ್ಪಲಿ, ನಮ್ಮ ಅಭಿಮಾನ" ಅಂತ ಎಲ್ಲರೂ ಪೋಸ್ಟ್ ಹಾಕಿದರು. ಆ ಕೈ ಹೊಲಿದ ಚಪ್ಪಲಿ ಅಭಿಮಾನ, ಆ ಕೈ ಕೊಟ್ಟ ಚಹಾ ಬ್ಯಾಡ. ಇದಕ್ಕೆ ಶುಚಿ ಅಂತ ಹೆಸರು ಕೊಡಬೇಡಿರಿ.

ಮಕ್ಕಳ ತಾಟಿನ ಕಥೆಯೂ ಇದೇ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಆದೇಶ ಮಾಡಿದೆ. ಆದರೂ 2025ರ ಜೂನ್‌ನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರಕಾರಿ ಶಾಲೆಯಿಂದ ಪಾಲಕರು ಮಕ್ಕಳ ಟಿಸಿ ತೆಗೆಸಿಕೊಂಡು ಹೋದ ಸುದ್ದಿ ಓದಿದೆವು. ಮುಖ್ಯ ಅಡುಗೆಯವರು ದಲಿತ ಮಹಿಳೆ ಅನ್ನುವುದೇ ಕಾರಣ ಅಂತ ಪತ್ರಿಕೆಗಳು ಬರೆದವು. ನಮ್ಮ ರಾಜ್ಯದಲ್ಲಿ ಈ ಯೋಜನೆಯ ಹೆಸರು ಅಕ್ಷರ ದಾಸೋಹ. ದಾಸೋಹ ಶರಣರ ಮಾತು. ಬಸವಣ್ಣನವರು ಊರ ಹೊರಗಿನ ನಾಗಿದೇವನ ಮನೆಗೆ ಹೋಗಿ ಪ್ರಸಾದ ಉಂಡರು, ಅದಕ್ಕೆ ಬಿಜ್ಜಳನ ತನಕ ದೂರು ಹೋಯಿತು ಅಂತ ಶರಣರ ಕಥೆ ಇದೆ. ನೆನಪಿಡಿರಿ, ಬಸವಣ್ಣನವರು ನಾಗಿದೇವನನ್ನು ಹೋಟೆಲಿಗೆ ಕರೆಯಲಿಲ್ಲ. ತಾವೇ ಅವನ ಮನೆಗೆ ಹೋಗಿ ಅವನ ಕೈಯಿಂದ ಉಂಡರು.

ಇದೇ ಕೆಲಸವನ್ನು ನಮ್ಮ ನೆರೆಯಲ್ಲೇ ಒಬ್ಬ ರಾಜ ಮಾಡಿ ತೋರಿಸಿದ್ದಾರೆ. ನಿಪ್ಪಾಣಿಯಿಂದ ಬಸ್ಸಿಗೆ ತಾಸಿನ ದಾರಿ, ಕೊಲ್ಹಾಪುರ. ಅಲ್ಲಿ ಅರಮನೆಯ ಕುದುರೆ ಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆಯವರನ್ನು ಮೇಲ್ಜಾತಿಯವರ ನೀರಿನ ಹೌದು ಮುಟ್ಟಿದ್ದಕ್ಕೆ ಹೊಡೆದರು. ಶಾಹೂ ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟು, ಕಾಂಬಳೆಯವರ ಕೈಗೆ ರೊಕ್ಕ ಕೊಟ್ಟು ಸ್ವಂತ ಧಂದೆ ಮಾಡು ಅಂದರು. ಅವರು ಪೇಟೆಯಲ್ಲಿ "ಸತ್ಯಸುಧಾರಕ" ಅಂತ ಚಹಾದ ಹೋಟೆಲ್ ತೆಗೆದರು. ಅಸ್ಪೃಶ್ಯನ ಹೋಟೆಲು ಅಂತ ಯಾರೂ ಬರಲಿಲ್ಲ. ಸುದ್ದಿ ತಿಳಿದು ಮಹಾರಾಜರು ಹೋಟೆಲಿನ ಮುಂದೆ ತಮ್ಮ ಗಾಡಿ ನಿಲ್ಲಿಸಿ ಕಾಂಬಳೆಯವರ ಕೈಯ ಚಹಾ ತರಿಸಿ ಕುಡಿದರು, ಜೊತೆಯಲ್ಲಿದ್ದ ದೊಡ್ಡ ಮಂದಿಗೂ ಕುಡಿಸಿದರು. ಮಹಾರಾಜರು ತೀರಿಕೊಂಡಿದ್ದು 1922ರಲ್ಲಿ. ಅಂದರೆ ನೂರು ವರ್ಷದ ಮೇಲಾಯಿತು. ನಮ್ಮ ತಮ್ಮನ ಖಾನಾವಳಿ ಇವತ್ತು ನಿಂತಿರುವುದು "ಸತ್ಯಸುಧಾರಕ" ನಿಂತ ಅದೇ ಜಾಗದಲ್ಲಿ. ಗಾಡಿ ನಿಲ್ಲಿಸುವವರು ಮಾತ್ರ ಇಲ್ಲ.

ಈಗಿನ ದೊಡ್ಡ ಮಂದಿಯೂ ನಮ್ಮ ಓಣಿಗೆ ಊಟಕ್ಕೆ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಎಲೆಕ್ಷನ್ ಬಂದಾಗ ಬರುತ್ತಾರೆ. ಮನೆ ನಮ್ಮದು, ಊಟ ಮಾತ್ರ ಹೋಟೆಲಿನಿಂದ ಬಂತು ಅಂತ ಎಷ್ಟು ಸಲ ಸುದ್ದಿ ಓದಿಲ್ಲ?

ಬರೀ ಕೂಡಿ ಉಣ್ಣುವುದರಿಂದ ಜಾತಿ ಸಾಯುವುದಿಲ್ಲ ಅನ್ನುವುದನ್ನು ಬಾಬಾಸಾಹೇಬರು 1936ರ "ಜಾತಿ ವಿನಾಶ"ದಲ್ಲೇ ಬಿಡಿಸಿ ಹೇಳಿದ್ದಾರೆ. ಮದುವೆ ಸಂಬಂಧ ಆಗಬೇಕು, ಜಾತಿಯನ್ನು ಪವಿತ್ರ ಮಾಡಿದ ಶಾಸ್ತ್ರದ ಅಧಿಕಾರ ಮುರಿಯಬೇಕು ಅಂದರು. ನಾವು ಈಗ ಮದುವೆಯ ಮಾತಿಗೂ ಬಂದಿಲ್ಲ ದೋಸ್ತರೆ. ಇನ್ನೂ ಒಂದು ರೊಟ್ಟಿಯ ಮಾತಿನಲ್ಲೇ ಇದ್ದೇವೆ.

ನಮ್ಮವರಿಗೂ ಹೇಳುವುದಿದೆ. ಚಲವಾದಿ, ಮಾದಿಗ, ಸಮಗಾರ, ಢೋರ ಅಂತ ನಮ್ಮೊಳಗೂ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣದವರಿದ್ದಾರೆ. ಜಯಂತಿ ದಿನ ಒಂದೇ ಮೆರವಣಿಗೆ, ಮರುದಿನ ಬೇರೆ ಬೇರೆ ಒಲೆ. ಪಗಾರ ಬಂದ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೊಡ್ಡ ಎಸಿ ಹೋಟೆಲಿಗೆ ಹೋಗುವ ನಮ್ಮ ನೌಕರರು ನಮ್ಮವರ ಖಾನಾವಳಿಯ ಹಾದಿ ತುಳಿಯುವುದಿಲ್ಲ. 1925ರ ಏಪ್ರಿಲ್ 10 ಮತ್ತು 11ರಂದು ಬಾಬಾಸಾಹೇಬರು ನಿಪ್ಪಾಣಿಯ ಬಹಿಷ್ಕೃತ ಪರಿಷತ್ತಿಗೆ ಬಂದಿದ್ದರು. ಅದಕ್ಕೆ ನೂರು ವರ್ಷ ಆಯಿತು ಅಂತ ನಾವೆಲ್ಲ ಅಭಿಮಾನ ಪಡುತ್ತೇವೆ. ಅವರ ಫೋಟೋ ಹಚ್ಚಿದ ಖಾನಾವಳಿ ಬಾಡಿಗೆ ಕಟ್ಟಲಾಗದೆ ಮುಚ್ಚಿದರೆ ಆ ಅಭಿಮಾನ ಯಾಕೆ ಬೇಕು?

ಆದ್ದರಿಂದ ಮಾಡಬೇಕಾದ ಕೆಲಸ ಇಷ್ಟು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ನಮ್ಮವರು ನಡೆಸುವ ಖಾನಾವಳಿ, ಚಹಾದ ಅಂಗಡಿ, ರೊಟ್ಟಿ ಕೇಂದ್ರ ಎಲ್ಲೆಲ್ಲಿ ಇವೆ ಅಂತ ಕೆಳಗೆ ಬರೆಯಿರಿ, ಒಂದು ಪಟ್ಟಿ ಮಾಡೋಣ. ಸಂಘಟನೆಗಳ ಸಭೆ, ತರಬೇತಿ, ಜಯಂತಿಯ ಊಟದ ಆರ್ಡರ್ ಮೊದಲು ಅವರಿಗೇ ಹೋಗಲಿ. ತಾಲೂಕಾ ಕಚೇರಿಗಳ ಕ್ಯಾಂಟೀನು ನಡೆಸಲು ಪರಿಶಿಷ್ಟ ಜಾತಿಯ ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಡಿ ಅಂತ ಲಿಖಿತ ಅರ್ಜಿ ಹಾಕೋಣ. ನಮ್ಮ ತಾಲೂಕಿನ ಶಾಲೆಗಳ ಬಿಸಿಯೂಟದ ಅಡುಗೆಯವರಲ್ಲಿ ಪರಿಶಿಷ್ಟರು ಎಷ್ಟು ಜನ, 2004ರ ಆದೇಶ ಪಾಲನೆ ಆಗಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿ ಬರೆಯುವ ಕೆಲಸ ನನಗೆ ಬಿಡಿರಿ, ಇಪ್ಪತ್ತು ವರ್ಷ ಗುಮಾಸ್ತಿಕೆಯಲ್ಲಿ ಕಲಿತಿದ್ದು ಅದೇ.

ಮೇಲ್ಜಾತಿಯ ದೋಸ್ತರೆ, ನಿಮ್ಮ ಮೇಲೆ ಸಿಟ್ಟಿಲ್ಲ. ನಮ್ಮನ್ನು ಹೋಟೆಲಿಗೆ ಕರೆದಿರಿ, ಬಿಲ್ಲೂ ಕೊಟ್ಟಿರಿ, ಅದು ನಿಮ್ಮ ದೊಡ್ಡತನ. ಆದರೆ ಅದನ್ನು ಜಾತಿ ಹೋದದ್ದಕ್ಕೆ ಸಾಕ್ಷಿ ಅಂತ ತೋರಿಸಬೇಡಿರಿ. ಸಾಕ್ಷಿ ಬೇಕಾದರೆ ನಮ್ಮ ತಮ್ಮನ ಖಾನಾವಳಿಗೆ ಬರ್ರಿ. ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವಾಗ ಬರ್ರಿ. ಪಾರ್ಸಲ್ ಒಯ್ಯಬ್ಯಾಡ್ರಿ, ಒಳಗ ಕುಂತು ಉಣ್ಣರಿ. ಉಂಡು ರುಚಿ ಹೆಂಗೈತಿ ಅಂತ ನಮ್ಮ ಕಾಕುಗೆ ಹೇಳಿ ಹೋಗ್ರಿ.

ಹೆಸರು ಬದಲಿ ಮಾಡಬೇಕಾ, ಫೋಟೋ ಇಳಿಸಬೇಕಾ ಅಂತ ನಮ್ಮ ತಮ್ಮ ಪ್ರತಿ ತಿಂಗಳು ಬಾಡಿಗೆ ಕಟ್ಟುವ ಹೊತ್ತಿಗೆ ನನ್ನ ಕೇಳುತ್ತಾನೆ. ಇಳಿಸಬ್ಯಾಡ ಅಂದಿದ್ದೇನೆ. ನನ್ನ ಮಾತು ಉಳಿಯುವುದು ನಿಮ್ಮ ಕೈಯಲ್ಲಿದೆ.

ಜೈಭೀಮ್.