ಹನ್ನೆರಡು ಪದಗಳ ಕೀಲಿಕೈ



ಕಳೆದ ತಿಂಗಳು ಬಸವನ ಬಾಗೇವಾಡಿ ಸೀಮೆಯ ಮಸೂತಿಯಲ್ಲಿ ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆ. ಮನೆಯ ತಾಯಿ ಮೊಬೈಲನ್ನು ನನ್ನ ಮುಂದಿಟ್ಟು, “ಶಾಸ್ತ್ರಿಗಳ, ಬೆಂಗಳೂರಾಗಿರೋ ಮಗ ಇವನ್ನ ಕಳಿಸ್ಯಾನ. ಜ್ವಾಪಾನ ಇಡವ್ವಾ ಅಂತಾನ. ಏನಂತ ತಿಳೀವಲ್ದ್ರಿ” ಎಂದರು. ವಾಟ್ಸಪ್ಪಿನಲ್ಲಿ ಹನ್ನೆರಡು ಇಂಗ್ಲಿಷ್ ಪದಗಳಿದ್ದವು, ಒಂದಕ್ಕೊಂದು ಸಂಬಂಧವಿರಲಿಲ್ಲ. ಮಗನಿಗೆ ಫೋನ್ ಮಾಡಿದಾಗ, ಅವು ಅವನ ಕ್ರಿಪ್ಟೊ ವಾಲೆಟ್ಟಿನ ಗುಪ್ತಪದಗಳೆಂದೂ, ಮೂರು ವರ್ಷಗಳ ಉಳಿತಾಯ ಅದರಲ್ಲಿದೆಯೆಂದೂ ತಿಳಿಯಿತು. ಈ ವ್ಯವಹಾರಕ್ಕೆ ಇಳಿಯಿರೆಂದು ಹೇಳುವವನು ನಾನಲ್ಲ. ಆದರೆ ಮಕ್ಕಳು ಈಗಾಗಲೇ ಇಳಿದಿರುವ ಮನೆಗಳಲ್ಲಿ ಹಿರಿಯರು ಇದನ್ನು ಅರಿತಿರುವುದು ಲೇಸು.

ವಾಲೆಟ್ ಎಂದರೆ ಹಣದ ಚೀಲವೆಂದು ಅರ್ಥವಾದರೂ ಅದರೊಳಗೆ ಹಣವಿರುವುದಿಲ್ಲ. ಯಾರ ಬಳಿ ಎಷ್ಟಿದೆ ಎಂಬ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವ ಕಿರ್ದಿಪುಸ್ತಕದಲ್ಲಿರುತ್ತದೆ. ಆ ಪುಸ್ತಕವೇ ಚೈನ್. ಬಿಟ್‌ಕಾಯಿನ್ನಿಗೆ ಒಂದು, ಇಥೀರಿಯಮ್ಮಿಗೆ ಮತ್ತೊಂದು, ಟ್ರಾನ್, ಸೋಲಾನಾಗಳಿಗೆ ಬೇರೆ ಬೇರೆ. ಹಲವು ಪುಸ್ತಕಗಳ ಕೀಲಿಕೈಗಳನ್ನು ಒಂದೆಡೆ ಇಡುವುದೇ ಮಲ್ಟಿಚೈನ್ ವಾಲೆಟ್. 2048 ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಿಂದ ಆ ಎಲ್ಲ ಕೀಲಿಕೈಗಳೂ ಹುಟ್ಟುತ್ತವೆ.

ನಮ್ಮ ಹಿರಿಯರು ಜೋಳವನ್ನು ಹಗೇವುಗಳಲ್ಲಿ ಇಡುತ್ತಿದ್ದರು. ಕಳ್ಳನು ಒಂದು ಹಗೇವು ತೆರೆದರೂ ಮತ್ತೊಂದರ ಕಾಳು ಉಳಿಯುತ್ತಿತ್ತು. ಇಲ್ಲಿ ಹಾಗಲ್ಲ. ಹನ್ನೆರಡು ಪದಗಳನ್ನು ಬಲ್ಲವನು ಎಲ್ಲಿಯೋ ಕುಳಿತು ಎಲ್ಲ ಹಗೇವುಗಳನ್ನೂ ಒಮ್ಮೆಗೇ ಬರಿದು ಮಾಡಬಲ್ಲನು. ಖಾತೆಯನ್ನು ತಡೆಹಿಡಿಯಿರೆಂದು ಕೇಳಲು ಅಲ್ಲಿ ಬ್ಯಾಂಕಿನ ಮ್ಯಾನೇಜರನೂ ಇಲ್ಲ.

ಮಗನ ಉದ್ದೇಶ ಒಳ್ಳೆಯದೇ; ದಾರಿ ಮಾತ್ರ ತಪ್ಪು. ಸಂದೇಶವನ್ನು ಅಳಿಸಿದರೂ ಅದರ ಪ್ರತಿ ಬ್ಯಾಕಪ್ಪಿನಲ್ಲಿ ಉಳಿದಿರಬಹುದು. ಆ ವಾಲೆಟ್ಟಿನ ಪದಗಳನ್ನು ಬದಲಿಸಲೂ ಬಾರದು. ಆದ್ದರಿಂದ ಹೊಸ ವಾಲೆಟ್ ತೆರೆದು, ಹೊಸ ಪದಗಳನ್ನು ಕೈಯಿಂದ ಕಾಗದದ ಮೇಲೆ ಬರೆದು, ಇದ್ದುದನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಪದಗಳ ಫೋಟೊ ತೆಗೆಯಬಾರದು. ಕಂಪನಿಯವರೆಂದು ಹೇಳಿಕೊಂಡು ಯಾರೇ ಕೇಳಿದರೂ ಕೊಡಬಾರದು.

ಸಾಗಿಸುವಾಗಲೂ ಎಚ್ಚರ ಬೇಕು. ಒಂದೊಂದು ಚೈನಿನ ಶುಲ್ಕವನ್ನು ಸಾಮಾನ್ಯವಾಗಿ ಅದರದೇ ನಾಣ್ಯದಲ್ಲಿ ಕೊಡಬೇಕಾಗುವುದರಿಂದ ಪ್ರತಿಯೊಂದರಲ್ಲೂ ಸ್ವಲ್ಪ ಉಳಿಸಿಕೊಂಡಿರಬೇಕು. ಟೆದರ್ ಎಂಬ ನಾಣ್ಯ ಇಥೀರಿಯಮ್ಮಿನಲ್ಲೂ ಇದೆ, ಟ್ರಾನಿನಲ್ಲೂ ಇದೆ; ಪಡೆಯುವವರು ಯಾವ ಚೈನಿನಲ್ಲಿ ಸ್ವೀಕರಿಸುವರೆಂದು ಕೇಳಿಯೇ ಕಳಿಸಬೇಕು. ಮೊದಲು ಅಲ್ಪ ಮೊತ್ತವನ್ನು ಕಳಿಸಿ, ಮುಟ್ಟಿತೆಂದು ಖಚಿತವಾದ ಮೇಲೆ ಉಳಿದುದು. ವಿಳಾಸದ ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ನೋಡಿ ನಂಬುವುದು ಸಲ್ಲದು. ಅದೇ ರೀತಿ ಕಾಣುವ ವಿಳಾಸವನ್ನು ಸೃಷ್ಟಿಸಿ, ಅದರಿಂದ ಚಿಲ್ಲರೆ ಕಳಿಸಿ, ನಮ್ಮ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಅದು ಸೇರುವಂತೆ ಮಾಡುವ ಕಳ್ಳರಿದ್ದಾರೆ. ಪರದೆಯಲ್ಲಿ ಕಾಣುವ “ಒಪ್ಪಿಗೆ” ಗುಂಡಿಯೂ ಸಹಿ ಇದ್ದಂತೆ. ಅಪರಿಚಿತ ಜಾಲತಾಣಕ್ಕೆ ಮಿತಿಯಿಲ್ಲದ ಒಪ್ಪಿಗೆ ಕೊಡುವುದು ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ.

ಕೀಲಿಕೈಯ ಗೊಡವೆಯೇ ಬೇಡ, ದೊಡ್ಡ ಕಂಪನಿಯಲ್ಲಿ ಇಡೋಣವೆಂದರೆ ಅಲ್ಲಿಯೂ ಅಪಾಯವಿದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯ ವಾಲೆಟ್ಟಿನಿಂದ 23 ಕೋಟಿ ಡಾಲರಿಗೂ ಮಿಕ್ಕ ಸಂಪತ್ತು ಕಳುವಾಯಿತು. ಅಲ್ಲಿ ಒಬ್ಬರ ಸಹಿ ಸಾಲದು, ಹಲವರ ಸಹಿ ಬೇಕಿತ್ತು. ಪರದೆಯಲ್ಲಿ ಕಂಡದ್ದು ಒಂದು, ಸಹಿ ಬಿದ್ದದ್ದು ಮತ್ತೊಂದಕ್ಕೆ ಎಂದು ಸಂಸ್ಥೆ ಹೇಳಿತು. ಗ್ರಾಹಕರ ಹಣ ತಿಂಗಳುಗಟ್ಟಲೆ ಸಿಕ್ಕಿಬಿದ್ದಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಗ್ರಾಹಕರ ಹಣ ಸುರಕ್ಷಿತವೆಂದೂ ನಷ್ಟ ತನ್ನದೆಂದೂ ಅದು ಘೋಷಿಸಿತು. ಎಲ್ಲಿ ಇಟ್ಟರೂ, ಕಳೆದುಕೊಂಡರೆ ಬಾಳು ಕುಸಿಯುವಷ್ಟು ಇಡಬಾರದು.

ಕಾನೂನನ್ನೂ ಮರೆಯಲಾಗದು. 2022ರ ಏಪ್ರಿಲ್ 1ರಿಂದ ಈ ಲಾಭಕ್ಕೆ ಶೇ. 30 ತೆರಿಗೆಯಿದೆ; ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮೋಸ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮಗ ರಜೆಗೆ ಊರಿಗೆ ಬಂದಾಗ ಹೊಸ ಪದಗಳನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ ತಾಯಿಗೆ ಕೊಟ್ಟನು. ಇಂತಹ ವಾಲೆಟ್ಟಿಗೆ ಬ್ಯಾಂಕಿನಂತೆ ನಾಮಿನಿ ಇರುವುದಿಲ್ಲ. ಮಗನಿಗೆ ಏನಾದರೂ ಆದರೆ ಆ ಕಾಗದವೇ ಮನೆಯವರಿಗಿರುವ ದಾರಿ. ತಾಯಿ ಅದನ್ನು ಹೊಲದ ಉತಾರದ ಜೊತೆ ಟ್ರಂಕಿನಲ್ಲಿಟ್ಟು, “ಓದಾಕ ಬರದಿದ್ರೇನ್ರಿ, ಇಡಾಕ ಬರ್ತದ” ಎಂದರು.

ತಂದೆತಾಯಂದಿರೇ, ನಿಮ್ಮ ಮಕ್ಕಳನ್ನೂ ಒಮ್ಮೆ ಕೇಳಿರಿ. ಎಷ್ಟು ಗಳಿಸಿದೆ ಎಂದಲ್ಲ, ಕೀಲಿಕೈ ಎಲ್ಲಿದೆ ಎಂದು.